ಹದಿನೈದನೆಯ ಕೋಲು

ಗಾಲ್ಫ್ ಆಡುವವನು ಚೀಲದಲ್ಲಿ 14 ಕೋಲಿಗಿಂತ ಹೆಚ್ಚು ಇಟ್ಟುಕೊಳ್ಳಬಾರದು ಅಂತ ನಿಯಮವಿದೆ. ನಿಯಮ ಮಾಡಿದವರು ಲೋಕ ಕಂಡವರು. ಮಿತಿ ಹಾಕದೆ ಬಿಟ್ಟಿದ್ದರೆ ನನ್ನ ಷಡ್ಡಕನಂಥವರು ಚೀಲದ ಬದಲು ಟೆಂಪೊ ಮಾಡಿಕೊಂಡು ಬರುತ್ತಿದ್ದರು. ಆದರೆ ಅಂಗಡಿಯವರು ಇನ್ನೂ ಚುರುಕು. ಕೈಗೆ ಮಿತಿ ಇದ್ದರೇನಂತೆ, ಕಿವಿ ಖಾಲಿ ಬಿದ್ದಿದೆಯಲ್ಲ! ಹೀಗೆ ಹದಿನೈದನೆಯ ಕೋಲಿನ ರೂಪದಲ್ಲಿ ಇಯರ್‌ಬಡ್ ನಮ್ಮ ಮನೆಗೆ ಕಾಲಿಟ್ಟಿತು. ಕಾಲಿಡುವ ಮುಂಚೆ ಎಷ್ಟು ಮಾತು ಖರ್ಚಾಯಿತು ಅನ್ನುವುದೇ ಈ ಪುರಾಣ.

ಷಡ್ಡಕ ಅಂದರೆ ಗೊತ್ತಲ್ಲ, ನಮ್ಮಾಕೆಯ ತಂಗಿಯ ಗಂಡ. ಈ ನಂಟಿನಲ್ಲಿ ಜಗಳವಾಡುವುದಕ್ಕೆ ಆಸ್ತಿ ಇರುವುದಿಲ್ಲ, ಹಂಗಿಸುವುದಕ್ಕೆ ಹಕ್ಕು ಮಾತ್ರ ಉಂಟು. ಇವನು ಸಾಫ್ಟ್‌ವೇರಿನವನು. ನಲವತ್ತು ದಾಟಿದ ಮೇಲೆ ಡಾಕ್ಟರು ‘ಸ್ವಲ್ಪ ನಡೆಯಿರಿ’ ಅಂದರಂತೆ. ಲಾಲ್‌ಬಾಗಿಗೆ ಹೋಗಿ ಪುಕ್ಕಟೆ ನಡೆಯಬಹುದಿತ್ತು. ಇವನು ಗಾಲ್ಫ್ ಸೇರಿದ. ಸೇರಿ ಡ್ರೈವಿಂಗ್ ರೇಂಜಿನಲ್ಲಿ ನಿಂತ ಜಾಗದಲ್ಲೇ ನಿಂತು ಬಕೆಟ್‌ಗಟ್ಟಲೆ ಚೆಂಡು ಬಡಿಯುತ್ತಾನೆ. ನಡೆಯುವುದು ಚೆಂಡು ಮಾತ್ರ.

‘ಭಾವ, ಕಾನ್ಸಂಟ್ರೇಷನ್ ಬರ್ತಿಲ್ಲ. ಪಕ್ಕದವರು ಮಾತಾಡ್ತಾರೆ. ಒಳ್ಳೆ ಇಯರ್‌ಬಡ್ ಬೇಕು’ ಅಂತ ಒಂದು ದಿನ ಶುರುಮಾಡಿದ. ಚೆಂಡು ನೆಟ್ಟಗೆ ಹೋಗದಿದ್ದರೆ ಮೊದಲು ಕೋಲಿನ ತಪ್ಪು, ಆಮೇಲೆ ಗ್ಲೌಸಿನ ತಪ್ಪು, ಆಮೇಲೆ ಶೂಸಿನದು. ಅವೆಲ್ಲ ಬದಲಾಯಿಸಿ ಆಗಿತ್ತು. ಉಳಿದದ್ದು ಪಕ್ಕದವರ ಬಾಯಿ. ಅದನ್ನು ಬದಲಾಯಿಸುವಂತಿಲ್ಲವಾದ್ದರಿಂದ ತನ್ನ ಕಿವಿಯನ್ನೇ ರಿಪೇರಿಗೆ ತೆಗೆದುಕೊಂಡ.

ಅಂಗಡಿಗೆ ನನ್ನನ್ನೂ ಎಳೆದುಕೊಂಡು ಹೋದ. ಅಲ್ಲಿಯ ಹುಡುಗ ಉಸಿರು ತೆಗೆಯದೆ ಸಹಸ್ರನಾಮ ಶುರುಮಾಡಿದ. ‘ಸರ್, ಕೇಸ್ ಸೇರಿ 40 ಗಂಟೆ ಬ್ಯಾಟರಿ.’ ನಾನು ಕೇಳಿದೆ, ‘ನೋಡಪ್ಪಾ, ಒಂದು ಬಕೆಟ್ ಚೆಂಡು ಮುಗಿಸೋಕೆ ಇವರಿಗೆ ಮುಕ್ಕಾಲು ಗಂಟೆ ಸಾಕು. ಆಮೇಲೆ ಸೊಂಟ ಹಿಡಿಯುತ್ತೆ. ಉಳಿದ 39 ಕಾಲು ಗಂಟೆ ಬ್ಯಾಟರೀನ ಏನು ಮಾಡೋಣ, ಮಾವನವರಿಗೆ ಕೊಡೋಣ್ವಾ?’ ಹುಡುಗ ನಕ್ಕು ಮುಂದಿನ ನಾಮಕ್ಕೆ ಹೋದ. ‘ವಾಟರ್‌ಪ್ರೂಫ್ ಸರ್, ಐಪಿಎಕ್ಸ್ 7. ಒಂದು ಮೀಟರ್ ನೀರಲ್ಲಿ ಅರ್ಧ ಗಂಟೆ ಮುಳುಗಿಸಿದರೂ ಏನೂ ಆಗಲ್ಲ.’ ಗಾಲ್ಫಿನಲ್ಲಿ ನೀರಿಗೆ ಬೀಳುವುದು ಚೆಂಡು, ಆಡುವವನಲ್ಲ. ಬೆವರಿಗೆ, ತುಂತುರು ಮಳೆಗೆ ಐಪಿಎಕ್ಸ್ 4 ಧಾರಾಳ ಸಾಕು. ಆ 4 ಅಂದರೆ ಯಾವ ದಿಕ್ಕಿನಿಂದ ನೀರು ಸಿಡಿದರೂ ತಡೆಯುತ್ತೆ ಅಂತ. ಮುಂದಿನ ಎಕ್ಸ್ ಇರುವ ಕಡೆ ಧೂಳಿನ ಅಂಕಿ ಇರಬೇಕಿತ್ತು, ಇಲ್ಲ ಅಂತ ಅರ್ಥ. ನಿಜವಾಗಿ ಬಡ್ ಹಾಳಾಗುವುದು ಎಲ್ಲಿ ಅಂದರೆ, ಬೆವರು ಒರೆಸದೆ ಹಾಗೇ ಕೇಸಿಗೆ ತುರುಕುವುದರಲ್ಲಿ. ಬೆವರಿನ ಉಪ್ಪು ಚಾರ್ಜಿಂಗ್ ಪಿನ್ನು ತಿನ್ನುತ್ತದೆ. ಇದನ್ನು ಹುಡುಗ ಹೇಳಲಿಲ್ಲ. ಹೇಳಿದರೆ ಇವನು ಮತ್ತೆ ಅಂಗಡಿಗೆ ಬರುವುದು ಹೇಗೆ!

ಆಮೇಲೆ ಬಂತು ನೋಡಿ ಬ್ರಹ್ಮಾಸ್ತ್ರ: ನಾಯ್ಸ್ ಕ್ಯಾನ್ಸಲೇಷನ್. ಷಡ್ಡಕನ ಕಣ್ಣು ಅರಳಿತು. ಈ ವಿದ್ಯೆ ಸರಳವಾಗಿಯೇ ಇದೆ. ಬಡ್‌ನೊಳಗಿನ ಮೈಕು ಹೊರಗಿನ ಸದ್ದನ್ನು ಕೇಳಿಸಿಕೊಂಡು ಅದಕ್ಕೆ ಸರಿಯಾಗಿ ತಿರುಗುಮುರುಗಾದ ಅಲೆಯನ್ನು ಕಿವಿಯೊಳಗೆ ಬಿಡುತ್ತದೆ; ಎರಡೂ ಸೇರಿ ಸೊನ್ನೆ. ಆದರೆ ಇದರ ಪರಾಕ್ರಮವೆಲ್ಲ ಒಂದೇ ಸಮ ಗುಂಯ್‌ಗುಡುವ ಸದ್ದಿನ ಮೇಲೆ. ವಿಮಾನದ ಎಂಜಿನ್ನು, ಫ್ಯಾನು, ಏಸಿ ಇವಕ್ಕೆ ಸರಿ. ಫಟ್ಟಂತ ಬಂದು ಹೋಗುವ ಸದ್ದಿಗೆ, ಏರಿಳಿಯುವ ಮಾತಿಗೆ ಅಷ್ಟು ಪ್ರಯೋಜನವಿಲ್ಲ. ಬೆಂಗಳೂರಿನಲ್ಲಿ ಹಳೇ ಏರ್‌ಪೋರ್ಟ್ ರಸ್ತೆಯ ಕಡೆ ಗಾಲ್ಫ್ ಆಡುವವರ ತಲೆ ಮೇಲೆ ಎಚ್‌ಎಎಲ್‌ನ ವಿಮಾನ, ಹೆಲಿಕಾಪ್ಟರು ಹಾರಾಡುತ್ತಿರುತ್ತವೆ. ಆ ಗುಂಯ್ ಅಷ್ಟಿಷ್ಟು ತಗ್ಗೀತು. ಚೆಂಡು ಬಡಿಯುವ ಪಕ್ಕದ ಬೇಯಲ್ಲಿ ನಿಂತು ತನ್ನ ಸೈಟಿನ ಖಾತೆ ಕಥೆ ಹೇಳುವ ಮಹಾನುಭಾವ ತಗ್ಗುವುದಿಲ್ಲ. ಅಂಥವರನ್ನು ತಗ್ಗಿಸುವ ಮೆಷೀನು ಇನ್ನೂ ಬಂದಿಲ್ಲ.

ಹಾಗಾದರೆ ಸಿಲಿಕಾನ್ ತುದಿಯ ಬಡ್ ಕಿವಿಗೆ ಬಿರಡೆ ಜಡಿದ ಮೇಲೆ ನಿಜಕ್ಕೂ ತಗ್ಗುವುದು ಏನು? ಕೇಳಲೇಬೇಕಾದ ಸದ್ದು. ಕೋಲಿಗೂ ಚೆಂಡಿಗೂ ಇರುವ ಸಂಬಂಧ ಹೆಚ್ಚುಕಡಿಮೆ ಅರ್ಧ ಮಿಲಿಸೆಕೆಂಡಿನದು. ಅಷ್ಟರಲ್ಲೇ ಮದುವೆ, ಸಂಸಾರ, ಸೋಡಚೀಟಿ ಎಲ್ಲ ಮುಗಿದುಹೋಗಿರುತ್ತದೆ. ಕಣ್ಣಿಗೆ ಅದು ಕಾಣುವ ಮಾತೇ ಇಲ್ಲ. ಕೈಗೊಂದು ಅದುರು, ಕಿವಿಗೊಂದು ಸದ್ದು, ಸಾಕ್ಷಿ ಅಂತ ಇರುವುದು ಇಷ್ಟೇ. ನಟ್ಟನಡುವೆ ಬಿದ್ದರೆ ‘ಠಪ್’. ಅಂಚಿಗೆ ತಗುಲಿದರೆ ‘ಟಣ್’. ಚೆಂಡಿನ ನೆತ್ತಿ ಸವರಿದರೆ ‘ಟಿಕ್’. ಚೆಂಡಿಗಿಂತ ಮೊದಲು ಭೂಮಿತಾಯಿಗೆ ಏಟು ಕೊಟ್ಟರೆ ‘ಧಬ್’, ಅದು ನಮ್ಮ ಷಡ್ಡಕನ ಕುಲದೇವತೆ. ಒಳ್ಳೆ ಕೋಚ್ ಬೆನ್ನು ಮಾಡಿ ಕಾಫಿ ಕುಡಿಯುತ್ತಿದ್ದರೂ ಸದ್ದು ಕೇಳಿಯೇ ‘ಹೂಂ, ಇನ್ನೊಂದು’ ಅನ್ನುತ್ತಾನೆ. ಈ ಪುಕ್ಕಟೆ ಗುರುವನ್ನು ಹೊರಗೆ ನಿಲ್ಲಿಸಿ ಬಾಗಿಲು ಹಾಕಿಕೊಳ್ಳುವುದಕ್ಕೆ 20 ಸಾವಿರ ರೂಪಾಯಿ! ಸಾಲದ್ದಕ್ಕೆ ಕಿವಿ ಬಿಗಿಯಾಗಿ ಮುಚ್ಚಿದರೆ ತನ್ನ ಉಸಿರು, ತನ್ನ ಹೆಜ್ಜೆ, ತಾನು ಹಲ್ಲು ಕಡಿಯುವುದು ತನಗೇ ದೊಡ್ಡದಾಗಿ ಕೇಳಿಸುತ್ತದೆ. ಪಕ್ಕದವನ ಮಾತು ತಪ್ಪಿಸಿಕೊಳ್ಳಲು ಹೋಗಿ ತನ್ನದೇ ಏದುಸಿರು ಕೇಳಿಕೊಂಡು ನಿಂತಂತಾಯಿತು.

ಇಷ್ಟು ಹೇಳಿದರೆ ಸುಮ್ಮನಾಗುವ ಜಾತಿಯೇ? ಮಾರನೆಯ ದಿನ ಮೊಬೈಲು ಹಿಡಿದುಕೊಂಡು ಬಂದ. ‘ನೋಡಿ ಭಾವ, ಡಾಕ್ಟರುಗಳೇ ಹೇಳಿದಾರೆ!’ ಹೇಳಿದ್ದು ನಿಜ. 2008ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಇಂಗ್ಲೆಂಡಿನ ವೈದ್ಯರು 55 ವರ್ಷದ ಒಬ್ಬ ಗಾಲ್ಫರನ ಕಥೆ ಬರೆದಿದ್ದಾರೆ. ಡ್ರೈವರ್ ಅನ್ನುವ ತೆಳುಮುಖದ ಟೈಟಾನಿಯಂ ಕೋಲಿನಲ್ಲಿ ವಾರಕ್ಕೆ ಮೂರು ಸಲದಂತೆ 18 ತಿಂಗಳು ಬಡಿದ ಮೇಲೆ ಆತನಿಗೆ ಕಿವಿಯಲ್ಲಿ ಗುಂಯ್ ಅನ್ನತೊಡಗಿ, ಕೇಳಿಸುವುದೂ ಕಡಿಮೆಯಾಗಿತ್ತು. ಅಂಥ ಕೋಲು ಬಳಸುವವರು ಕಿವಿಗೆ ರಕ್ಷಣೆ ಇಟ್ಟುಕೊಳ್ಳುವುದು ಒಳ್ಳೆಯದು ಅಂತ ಅವರ ಸಲಹೆ. ಗಾಲ್ಫಿನಿಂದ ಕಿವಿ ಕೆಟ್ಟೀತು ಅಂತ ನಾನು ಕನಸಲ್ಲೂ ಎಣಿಸಿರಲಿಲ್ಲ. ಇವನ ವಾದಕ್ಕೆ ಒಂದು ಅಂಕ ಕೊಟ್ಟೆ. ಆದರೆ ‘ಅವರು ಹೇಳಿದ್ದು ಇಯರ್‌ಪ್ಲಗ್ ಬಗ್ಗೆ ಕಣಪ್ಪಾ. ಅದು ಮೆಡಿಕಲ್ ಶಾಪಲ್ಲಿ ಚಿಲ್ಲರೆ ಕಾಸಿಗೆ ಸಿಗುತ್ತೆ. ಡ್ರೈವರ್ ತೆಗೆದಾಗ ಹಾಕಿಕೋ, ಬೇರೆ ಕೋಲಿಗೆ ತೆಗೆದಿಡು. ಅದರ ಮೇಲೆ ಹಾಡು ಜೋರಾಗಿ ಹಾಕಿಕೊಳ್ಳಿ ಅಂತ ಯಾವ ಡಾಕ್ಟರೂ ಬರೆದಿಲ್ಲ’ ಅಂದೆ.

ಇವನ ಬತ್ತಳಿಕೆಯಲ್ಲಿದ್ದ ಮುಂದಿನ ಬಾಣವೇ ನಿಜವಾಗಿ ಒಳ್ಳೆಯದು. ಜಾನ್ ನೊವೊಸೆಲ್ ಅನ್ನುವ ಅಮೆರಿಕದವರು ದೊಡ್ಡ ಆಟಗಾರರ ಸ್ವಿಂಗಿನ ವಿಡಿಯೊವನ್ನು ಚೌಕಟ್ಟು ಚೌಕಟ್ಟಾಗಿ ಎಣಿಸಿ 2004ರಲ್ಲಿ ‘ಟೂರ್ ಟೆಂಪೊ’ ಅಂತ ಪುಸ್ತಕ ತಂದರು. ಅವರಿಗೆ ಕಂಡದ್ದು: ಕೋಲು ಮೇಲೆತ್ತಲು ಮೂರು ಪಾಲು ಹೊತ್ತು, ಇಳಿಸಿ ಹೊಡೆಯಲು ಒಂದು ಪಾಲು. ನಿಧಾನದವರಿರಲಿ, ಅವಸರದವರಿರಲಿ, ಲೆಕ್ಕ ಅದೇ 3ಕ್ಕೆ 1. ಆ ಲೆಕ್ಕಕ್ಕೆ ಬೀಪು ಜೋಡಿಸಿದ ಧ್ವನಿಗಳಿವೆ. ಅದನ್ನು ಕಿವಿಗೆ ಹಾಕಿಕೊಂಡು ಹೊಡೆಯುತ್ತ ಹೋದರೆ ಕೈ ಲಯಕ್ಕೆ ಬರುತ್ತದಂತೆ. ಲಯ ಅಂದ ಮೇಲೆ ನಾನು ತಲೆಯಾಡಿಸದೆ ಇರುವವನಲ್ಲ. ರಾಮನವಮಿ ಕಚೇರಿಯಲ್ಲಿ ಮುಂದಿನ ಸಾಲಲ್ಲಿ ಕೂತು ತೊಡೆ ಸವೆಸಿದವನು. ‘ಅದಕ್ಕೆ ಇಯರ್‌ಬಡ್ ಯಾಕೋ? ತ-ಕಿ-ಟ ಅಂತ ಎತ್ತು, ಧೀಂ ಅಂತ ಇಳಿಸು. ಮೂರಕ್ಕೊಂದು. ಕಾಸಿಲ್ಲ, ಚಾರ್ಜಿಲ್ಲ’ ಅಂದೆ. ಮಾಡಿ ನೋಡಿದ. ಎತ್ತುವುದು ತಕಿಟ ಸರಿಹೋಯಿತು. ಧೀಂ ಅನ್ನುವಾಗ ಪಕ್ಕದ ಬೇಯ ಸೈಟಿನ ಮಹಾನುಭಾವ ತನ್ನ ಮಾತು ನಿಲ್ಲಿಸಿ ಇವನನ್ನೇ ನೋಡಿದ. ಅಂತೂ ಆತನ ಬಾಯಿ ಮುಚ್ಚಿಸುವ ಉಪಾಯ ಸಿಕ್ಕಿತಲ್ಲ ಅಂದರೆ ಷಡ್ಡಕನಿಗೆ ನಾಚಿಕೆ.

ಬೀಪಿನ ವಿಷಯದಲ್ಲಿ ಒಂದು ಎಚ್ಚರ ಮಾತ್ರ ಹೇಳಬೇಕು. ಬ್ಲೂಟೂತಿನಲ್ಲಿ ಸದ್ದು ಫೋನಿನಿಂದ ಹೊರಟು ಕಿವಿಗೆ ಮುಟ್ಟುವುದಕ್ಕೆ ಸೆಕೆಂಡಿನ ಹತ್ತನೇ ಒಂದು ಪಾಲಿನಿಂದ ಕಾಲು ಸೆಕೆಂಡಿನವರೆಗೆ ತಡವಾಗುವುದು ಮಾಮೂಲು. ಒಂದೇ ಸಮನೆ ಬಡಿಯುವ ತಾಳಕ್ಕೆ ಇದರಿಂದ ನಷ್ಟವಿಲ್ಲ. ಎಲ್ಲ ಬೀಪೂ ಅಷ್ಟಷ್ಟೇ ತಡ. ಆದರೆ ನಿಮ್ಮ ಸ್ವಿಂಗನ್ನು ನೋಡಿಕೊಂಡು ಆ ಕ್ಷಣವೇ ‘ಈಗ!’ ಅಂತ ಕೂಗುವ ಆ್ಯಪ್ ಇದ್ದರೆ ಕಷ್ಟ. ಕೋಲು ಇಳಿದು ಚೆಂಡಿಗೆ ತಗುಲುವುದಕ್ಕೇ ಬೇಕಾದದ್ದು ಸುಮಾರು ಕಾಲು ಸೆಕೆಂಡು. ‘ಈಗ’ ಅನ್ನುವುದು ಕೇಳುವಷ್ಟರಲ್ಲಿ ಚೆಂಡು ಬಲಗಡೆ ಬೇಲಿಯ ಹತ್ತಿರ ಇರುತ್ತದೆ. ಗೇಮ್ ಆಡುವ ಹುಡುಗರಿಗೆ ಅಂತ ಮಾಡಿದ ‘ಲೋ ಲೇಟೆನ್ಸಿ’ ಬಡ್‌ಗಳು ಈ ಒಂದು ಕೆಲಸಕ್ಕೆ ಗಾಲ್ಫರ್‌ಗೂ ಆಗಿಬರುತ್ತವೆ.

ಇನ್ನು ಕೈ ತಾಗಿದರೆ ಕೆಲಸ ಮಾಡುವ ಟಚ್ಚಿನ ವಿಚಾರ. ಬಿಸಿಲಿಗೆ ಟೋಪಿ, ಟೋಪಿಯಡಿ ಕನ್ನಡಕ, ಅದರ ಕಡ್ಡಿಯ ಹಿಂದೆ ಬಡ್. ಟೋಪಿ ಸರಿಮಾಡಿಕೊಂಡರೆ ಹಾಡು ನಿಂತಿತು, ಬೆವರು ಒರೆಸಿಕೊಂಡರೆ ಮುಂದಿನ ಹಾಡು, ಇನ್ನೊಮ್ಮೆ ತಗುಲಿದರೆ ಆಫೀಸಿನ ಫೋನು ಎತ್ತಿಕೊಂಡಿತು. ಮ್ಯಾನೇಜರ್ ‘ವೇರ್ ಆರ್ ಯು?’ ಅನ್ನುವಾಗ ಹಿಂದಿನಿಂದ ‘ಠಪ್’, ‘ಗುಡ್ ಶಾಟ್ ಸರ್!’. ಒತ್ತಿದರೆ ಮಾತ್ರ ಒತ್ತುವ ನಿಜವಾದ ಗುಂಡಿ ಇರುವ ಬಡ್ ವಾಸಿ. ಬಿಳಿ ಬಣ್ಣದ್ದಂತೂ ಬೇಡವೇ ಬೇಡ. ಎಲ್ಲೆಲ್ಲೂ ಬಿಳಿ ಚೆಂಡು ಚೆಲ್ಲಾಡಿದ ಹುಲ್ಲಿನಲ್ಲಿ ಐದಾರು ಗ್ರಾಮಿನ ಬಿಳಿ ಬಡ್ ಬಿದ್ದರೆ, ಅದನ್ನು ಹುಡುಕುವುದು ಚೆಂಡು ಬಾಚುವ ಗಾಡಿಯೇ, ಅದೂ ಚಕ್ರದಿಂದ.

ಎಲ್ಲಕ್ಕಿಂತ ದೊಡ್ಡ ಮಾತು ‘ಫೋರ್!’ ಅನ್ನುವ ಕೂಗು. ಚೆಂಡು ಅಡ್ಡದಾರಿ ಹಿಡಿದಾಗ ಜನರನ್ನು ಎಚ್ಚರಿಸಲು ಕೂಗುವುದು ಅದನ್ನೇ. ಕಿವಿಗೆ ಬಿರಡೆ ಜಡಿದವನಿಗೆ ಅದು ಕೇಳುವುದು ಹೇಗೆ! ಹೆಚ್ಚೆಂದರೆ 46 ಗ್ರಾಂ ತೂಗುವ ಚೆಂಡು. ತಲೆಗೆ ಬಿದ್ದರೆ ತೂಕದ ಲೆಕ್ಕ ಯಾರೂ ಕೇಳುವುದಿಲ್ಲ. ಬೆಂಗಳೂರಿನಲ್ಲಿ ಗಾಲ್ಫ್ ಕ್ಲಬ್ಬು ಶುರುವಾದದ್ದು 1876ರಲ್ಲಿ. ಅಂದಿನಿಂದ ಆಡಿದವರೆಲ್ಲ ಕಾಗೆಯ ಕೂಗು, ಕ್ಯಾಡಿಯ ಗೊಣಗು, ಎದುರಾಳಿಯ ಕೊಂಕು ಎಲ್ಲ ಕೇಳಿಕೊಂಡೇ ಆಡಿದರು. ಟೈಗರ್ ವುಡ್ಸ್ ಚಿಕ್ಕವನಿದ್ದಾಗ ಅವರಪ್ಪ ಅರ್ಲ್ ಅವನು ಕೋಲೆತ್ತುವ ಹೊತ್ತಿಗೇ ಬೇಕೆಂದು ಜೇಬಿನ ಚಿಲ್ಲರೆ ಝಣಝಣ ಅನ್ನಿಸುತ್ತಿದ್ದರು, ಚೀಲ ಬೀಳಿಸುತ್ತಿದ್ದರು. ಗದ್ದಲದಲ್ಲೇ ಹೊಡೆಯುವುದು ರೂಢಿಯಾಗಲಿ ಅಂತ. ನಮ್ಮ ಬೆಂಗಳೂರಿನ ಅದಿತಿ ಅಶೋಕ್ 2021ರಲ್ಲಿ ಟೋಕಿಯೊ ಒಲಿಂಪಿಕ್ಸಿನಲ್ಲಿ ನಾಲ್ಕನೆಯವರಾಗಿ ಬಂದಾಗ ಚೀಲ ಹೊತ್ತು ಪಕ್ಕದಲ್ಲಿದ್ದವರು ಅವರ ತಾಯಿ. ಅಮ್ಮ ಪಕ್ಕದಲ್ಲಿ ನಿಂತಿರುವಾಗ ಕಿವಿಗೆ ಏನಾದರೂ ಸಿಕ್ಕಿಸಿಕೊಳ್ಳುವ ಧೈರ್ಯ ಯಾರಿಗಿದೆ!

ಕೊನೆಗೆ ಮತ್ತೆ ಅಂಗಡಿಗೆ ಹೋದಾಗ ಹುಡುಗ ಇನ್ನೊಂದು ತೋರಿಸಿದ: ‘ಟ್ರಾನ್ಸ್‌ಪರೆನ್ಸಿ ಮೋಡ್ ಸರ್, ಇದನ್ನು ಹಾಕಿಕೊಂಡರೆ ಹೊರಗಿನ ಸದ್ದೆಲ್ಲ ಕೇಳುತ್ತೆ.’ ಏನೂ ಹಾಕಿಕೊಳ್ಳದಿದ್ದರೂ ಕೇಳುತ್ತೆ, ಆದರೆ ಅದಕ್ಕೆ ವಾರಂಟಿ ಇಲ್ಲ. ನನ್ನ ತೀರ್ಪು ಇಷ್ಟು: ಹಾಕಲೇಬೇಕೆಂದಿದ್ದರೆ ಕಿವಿಯ ತೂತು ಮುಚ್ಚದೆ ಹೊರಗೆ ಕೊಕ್ಕೆ ಹಾಕಿ ಕೂರುವ ಓಪನ್ ಇಯರ್ ಬಗೆಯದು. ಇಲ್ಲವೇ ಮಾಮೂಲಿಯದನ್ನೇ ಒಂದು ಕಿವಿಗೆ. ಬಲಗೈ ಆಟಗಾರನಾದರೆ ಎಡಗಿವಿಗೆ. ರೇಂಜಿನಲ್ಲಿ ಅದು ಹುಲ್ಲಿನ ಕಡೆ ಇರುತ್ತದೆ. ಬಲಗಿವಿ ಹಿಂದೆ ಓಡಾಡುವ ಜನಕ್ಕೆ, ಕೋಚಿಗೆ ತೆರೆದಿರಲಿ. ಷಡ್ಡಕ ಕೊಕ್ಕೆಯದನ್ನೇ ಕೊಂಡ, ಕಿತ್ತಳೆ ಬಣ್ಣದ್ದು. ನನ್ನ ನಾದಿನಿ ಬೆಲೆ ಕೇಳಿ, ‘ಒಂದು ಜೊತೆ ಓಲೆ ಆಗ್ತಿತ್ತು’ ಅಂದಳು. ಅವಳದ್ದೂ ಕಿವಿಯ ಮಾತೇ.

ಕಥೆ ಇಲ್ಲಿಗೆ ಮುಗಿಯಬೇಕಿತ್ತು. ಆದರೆ ಇವನು ಈಗ ಭಾನುವಾರದ ಸ್ಪರ್ಧೆಗೆ ಹೆಸರು ಕೊಟ್ಟಿದ್ದಾನೆ. ಅಭ್ಯಾಸದಲ್ಲಿ ಏನಾದರೂ ಹಾಕಿಕೊಳ್ಳಿ, ಸ್ಪರ್ಧೆಗೆ ಇಳಿದ ಮೇಲೆ ನಿಯಮ 4.3 ಬೇರೆಯೇ ಹಾಡು ಹೇಳುತ್ತದೆ. ಆಟಕ್ಕೆ ಸಂಬಂಧವಿಲ್ಲದ್ದನ್ನು, ಅಂದರೆ ವಾರ್ತೆಯನ್ನೋ ಸುಮ್ಮನೆ ಹಿನ್ನೆಲೆಯ ಹಾಡನ್ನೋ ಕೇಳಬಹುದು. ಅದೇ ಹಾಡನ್ನು ಗದ್ದಲ ತಪ್ಪಿಸಿಕೊಳ್ಳಲು ಅಥವಾ ಸ್ವಿಂಗಿನ ಲಯಕ್ಕೆ ಅಂತ ಕೇಳಿದರೆ ತಪ್ಪು! ಮೊದಲ ಸಲಕ್ಕೆ ಎರಡು ಹೊಡೆತದ ದಂಡ, ಎರಡನೆಯ ಸಲಕ್ಕೆ ಆಟದಿಂದಲೇ ಹೊರಗೆ. ಸಮಿತಿಯವರು ಬಯಸಿದರೆ ಎಲ್ಲವನ್ನೂ ನಿಷೇಧಿಸಬಹುದು. ನಿಷೇಧಿಸದಿದ್ದರೆ ಮನಸ್ಸಿನೊಳಗೆ ಇಣುಕಿ ನೋಡುವ ರೆಫರಿ ಬೇಕು.

ಇವನು ಮಹಾ ನಿಯಮಸ್ಥ. ‘ವಾರ್ತೆ ಕೇಳಬಹುದಲ್ಲ ಭಾವ, ನಾನು ಅಡಿಕೆ ಧಾರಣೆ ಕೇಳ್ತೀನಿ’ ಅಂದ. ಊರಲ್ಲಿ, ಶಿವಮೊಗ್ಗದ ಹತ್ತಿರ, ಇವರಪ್ಪನ ತೋಟವಿದೆ. ‘ಆಟಕ್ಕೂ ಅಡಿಕೆಗೂ ಏನು ಸಂಬಂಧ?’

‘ಸಂಬಂಧ ಇಲ್ಲ ಸರಿ. ಆದರೆ ರಾಶಿ ಅಡಿಕೆ ರೇಟು ಏರಿದ್ದು ಕೇಳಿ ನಿನ್ನ ಮನಸ್ಸಿಗೆ ಸಮಾಧಾನ ಆಗಿ, ಆ ಸಮಾಧಾನದಲ್ಲಿ ಪಟ್ ನೆಟ್ಟಗೆ ಗುಂಡಿಗೆ ಬಿದ್ದರೆ?’

ಷಡ್ಡಕ ಸ್ವಲ್ಪ ಹೊತ್ತು ಯೋಚಿಸಿದ. ‘ಭಾವ, ರೇಟು ಇಳಿದ ದಿನ ಆದ್ರೆ ನನಗೆ ಎರಡು ಹೊಡೆತ ಮಾಫಿ ಕೊಡ್ತಾರಾ, ಕೇಳಿ ನೋಡ್ಲಾ?’