ಕಡತಗತಿ ಮೀಮಾಂಸೆ: ಲಿಂಗನಮಕ್ಕಿ ಹಿನ್ನೀರ ಪ್ರದೇಶದ ವಿಶೇಷ ಉಲ್ಲೇಖದೊಂದಿಗೆ

ಪೀಠಿಕೆ

ಪ್ರಸ್ತುತ ಪ್ರಬಂಧವು ಗರ್ಭಾಂಕಣಸ್ಥ ಹಾಗೂ ಬಹಿರಂಗಣಸ್ಥ ಕಡತವ್ಯವಸ್ಥೆಗಳ ವೇಗತಾರತಮ್ಯವನ್ನು ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳ ಪರಿಪ್ರೇಕ್ಷ್ಯದಲ್ಲಿ ಅಂತರ್‌ಶಿಸ್ತೀಯವಾಗಿ ಅನುಸಂಧಾನಿಸುವ ಒಂದು ವಿನಮ್ರ ಪ್ರಯತ್ನವಾಗಿದೆ. (ಹೀಗೆ ಬರೆಯದಿದ್ದರೆ ನಮ್ಮ ಕಡೆಯ ವಿಚಾರ ಸಂಕಿರಣಗಳಲ್ಲಿ ಊಟದ ಕೂಪನ್ನೂ ಸಿಗುವುದಿಲ್ಲ.) ಗರ್ಭಾಂಕಣವೆಂದರೆ ಲಿನಕ್ಸಿನ ಕರ್ನೆಲ್. ಬಹಿರಂಗಣವೆಂದರೆ ಸಾಮಾನ್ಯ ಪ್ರೋಗ್ರಾಮುಗಳ ಓಡಾಟದ ಜಾಗ, ಯೂಸರ್‌ಸ್ಪೇಸ್.

ಸೈದ್ಧಾಂತಿಕ ಚೌಕಟ್ಟು

ಇಎಕ್ಸ್‌ಟಿ4ನಂಥ ಕಡತವ್ಯವಸ್ಥೆ (ಫೈಲ್‌ಸಿಸ್ಟಮ್) ಕರ್ನೆಲ್ಲಿನೊಳಗೇ ಇರುತ್ತದೆ. ಪ್ರೋಗ್ರಾಮು ಕಡತ ಕೇಳಿತು, ಕರ್ನೆಲ್ ಕೊಟ್ಟಿತು, ಮುಗಿಯಿತು. ಕಡತವ್ಯವಸ್ಥೆಯನ್ನು ಬಹಿರಂಗಣದಲ್ಲಿ ನಡೆಸಲೆಂದು 2005ರಲ್ಲಿ ಲಿನಕ್ಸ್ 2.6.14ರೊಳಗೆ ಬಂದ ಫ್ಯೂಸ್‌ನ ದಾರಿ ಬೇರೆ. ಇಲ್ಲಿ ಕೋರಿಕೆ ಬಂದರೆ ಕರ್ನೆಲ್ ಅದನ್ನು ಸರದಿಯಲ್ಲಿ ನಿಲ್ಲಿಸಿ, ಹೊರಗೆ ಕೂತ ಡೀಮನ್ ಎಂಬ ಪ್ರೋಗ್ರಾಮಿಗೆ ರವಾನಿಸುತ್ತದೆ. ಡೀಮನ್‌ಗೋ ಡಿಸ್ಕ್ ಮುಟ್ಟುವ ಅಧಿಕಾರವಿಲ್ಲ. ಅದು ತಿರುಗಿ ಕರ್ನೆಲ್ಲಿಗೇ ಅರ್ಜಿ ಹಾಕಿ, ಬಂದ ಉತ್ತರವನ್ನು ಮತ್ತೆ ಕರ್ನೆಲ್ಲಿಗೇ ಒಪ್ಪಿಸಬೇಕು; ಅಲ್ಲಿಂದ ಆ ಉತ್ತರ ಕೇಳಿದವರ ಕೈ ಸೇರಬೇಕು. ಎಣಿಸಿ ನೋಡಿ: ಆರು ಸಲ ಗಡಿ ದಾಟಿದ್ದಾಯಿತು. ಲಾಭವೂ ಉಂಟು. ಯಾರು ಬೇಕಾದರೂ ಬರೆಯಬಹುದು, ಡೀಮನ್ ಸತ್ತರೂ ಯಂತ್ರ ಕೆಡುವುದಿಲ್ಲ.

ಲಿಂಗನಮಕ್ಕಿ ಹಿನ್ನೀರಿನಾಚೆಯ ತುಮರಿಯವರಿಗೆ ಗಡಿ ದಾಟುವ ಈ ಕಷ್ಟವನ್ನು ಬಿಡಿಸಿ ಹೇಳಬೇಕಿಲ್ಲ. 2025ರ ಜುಲೈಯಲ್ಲಿ ಸೇತುವೆ ಆಗುವ ತನಕ ಹೊಳೆಬಾಗಿಲಿನ ಲಾಂಚಿನಲ್ಲಿ ಒಬ್ಬನೇ ಇದ್ದರೂ, ಬಸ್ಸು ಜೀಪು ತುಂಬಿದ್ದರೂ ಹಿನ್ನೀರು ದಾಟಲು ಹಿಡಿಯುತ್ತಿದ್ದ ಹೊತ್ತು ಒಂದೇ. ಫ್ಯೂಸ್ ಮಂದಿಯೂ ಈ ಮರ್ಮ ತಿಳಿದು, 4 ಕೆಬಿ ಸಾಗಿಸುತ್ತಿದ್ದಲ್ಲಿ ಒಂದೇ ಸಲಕ್ಕೆ 128 ಕೆಬಿ ತುಂಬಿಸತೊಡಗಿದರು. ಹೀಗೆಲ್ಲ ತಿದ್ದಿದ ಮೇಲೂ, 2017ರಲ್ಲಿ ಪ್ರಕಟವಾದ ಅಳತೆಯ ಪ್ರಕಾರ, ಕೆಲವು ಕೆಲಸಗಳಲ್ಲಿ ವೇಗ ಶೇ. 83ರಷ್ಟು ಕುಸಿಯುತ್ತದೆ; ಕೆಲವುಗಳಲ್ಲಿ ಏನೂ ವ್ಯತ್ಯಾಸವಿಲ್ಲ. 2024ರ ಲಿನಕ್ಸ್ 6.9ರಲ್ಲಿ, ಡೀಮನ್ ಒಮ್ಮೆ ಕಡತ ತೋರಿಸಿಕೊಟ್ಟರೆ ಮುಂದಿನ ಓದುಬರಹವನ್ನು ಕರ್ನೆಲ್ಲೇ ನೇರವಾಗಿ ನೋಡಿಕೊಳ್ಳುವ ಒಳದಾರಿಯೂ ಬಂತು.

ವರ್ಗೀಕರಣ

ಇನ್ನು ಸರ್ಕಾರಿ ಕಚೇರಿಗಳ ಕಡತಗತಿಯು ಪಂಚವಿಧ. ಸ್ಥಾವರಗತಿ: ಮೇಜಿನ ಮೇಲೆ, ಪೇಪರ್‌ವೇಟಿನ ಕೆಳಗೆ. ಜಂಗಮಗತಿ: ಗ್ರಾಮಲೆಕ್ಕಿಗರಿಂದ ಕಂದಾಯ ನಿರೀಕ್ಷಕರಿಗೆ, ಅಲ್ಲಿಂದ ತಹಶೀಲ್ದಾರರಿಗೆ. ಚಕ್ರಗತಿ: ‘ಪರಿಶೀಲಿಸಿ ಮರುಮಂಡಿಸಿ’ ಎಂಬ ಷರಾ ಹೊತ್ತು ಹೊರಟಲ್ಲಿಗೇ. ನಾಲ್ಕು ಮತ್ತು ಐದನೆಯ ಪ್ರಭೇದಗಳನ್ನು ಪಂಚ ಎಂಬ ಸಂಖ್ಯೆಯ ಗಾಂಭೀರ್ಯಕ್ಕಾಗಿ ಸೇರಿಸಿದ್ದು, ಬಿಡಿ.

ಕ್ಷೇತ್ರಕಾರ್ಯ

ಶರಾವತಿ ಹುಟ್ಟುವುದು ತೀರ್ಥಹಳ್ಳಿಯ ಅಂಬುತೀರ್ಥದಲ್ಲಿ, ಹೊಸನಗರ ಹಾಯ್ದು ಸಾಗರ ತಾಲ್ಲೂಕಿನ ಲಿಂಗನಮಕ್ಕಿಯಲ್ಲಿ ಅದಕ್ಕೆ ಕಟ್ಟೆ. 1964ರ ಆ ಕಟ್ಟೆಗಾಗಿ ಮನೆ, ಗದ್ದೆ, ಅಡಿಕೆ ತೋಟ ಮುಳುಗಿಸಿಕೊಂಡವರನ್ನು ಎಬ್ಬಿಸಿ, ಸುತ್ತಲ ತಾಲ್ಲೂಕುಗಳ ಕಾಡಿನಲ್ಲಿ ಜಾಗ ತೋರಿಸಿದರು. ಕಾಡು ಕಡಿದು ಗದ್ದೆ ಮಾಡಿದ್ದಾಯಿತು. ದಾಖಲೆಯಲ್ಲಿ ಮಾತ್ರ ಅದು ಅರಣ್ಯವಾಗಿಯೇ ಉಳಿಯಿತು. 1980ರಲ್ಲಿ ಅರಣ್ಯ ಸಂರಕ್ಷಣಾ ಕಾಯ್ದೆ ಬಂತು. ಅದರ 2ನೇ ಸೆಕ್ಷನ್ನಿನಂತೆ ಅರಣ್ಯವನ್ನು ಅರಣ್ಯವಲ್ಲ ಎನ್ನಲು ಕೇಂದ್ರದ ಒಪ್ಪಿಗೆ ಬೇಕು. ರಾಜ್ಯ ಸರ್ಕಾರ ಆ ಒಪ್ಪಿಗೆ ಪಡೆಯದೆಯೇ ವರ್ಷಗಟ್ಟಲೆ ಡಿನೋಟಿಫಿಕೇಷನ್ ಹೊರಡಿಸಿತು. ನಮ್ಮ ಪರಿಭಾಷೆಯಲ್ಲಿ ಹೇಳುವುದಾದರೆ, ಡೀಮನ್ನು ಕರ್ನೆಲ್ಲನ್ನು ಕೇಳದೆ ಡಿಸ್ಕಿಗೆ ಬರೆಯಲು ಹೊರಟಿತು. 2021ರಲ್ಲಿ ಹೈಕೋರ್ಟ್ ಅಂಥ ಆದೇಶವೊಂದನ್ನು ರದ್ದುಮಾಡಿತು.

ಇಲ್ಲಿಗೆ ಪರಿಭಾಷೆ ಸಾಕು. ಆ ಆದೇಶಗಳನ್ನು ಹೊರಡಿಸಿದ ಕಚೇರಿಗಳಲ್ಲಿ ಕಾನೂನು ಓದಿದವರೇ ಇರಲಿಲ್ಲವೆ? ಇದ್ದರು. ನಿಲ್ಲದ ಆದೇಶವೆಂದು ಗೊತ್ತಿದ್ದೂ ಹೊರಡಿಸುವುದು, ಸಮಾರಂಭದಲ್ಲಿ ಹಾರ ಹಾಕಿಸಿಕೊಳ್ಳುವುದು! ಪಹಣಿ ಇಲ್ಲವೆಂದರೆ ಬ್ಯಾಂಕಿನಲ್ಲಿ ಬೆಳೆಸಾಲವಿಲ್ಲ, ಅಣ್ಣತಮ್ಮಂದಿರಲ್ಲಿ ಪಾಲಾಗುವುದಿಲ್ಲ, ಮಗಳ ಮದುವೆಗೆಂದು ಅಡವಿಡಲೂ ಆಗದು. ಮುಳುಗಿದ ಊರಲ್ಲಿ ಆಡಿ ಬೆಳೆದ ಹುಡುಗರಿಗೆ ಈಗ ಮೊಮ್ಮಕ್ಕಳಿದ್ದಾರೆ. ಅವರ ಕೈಯಲ್ಲಿರುವುದು ಅದೇ ಅರ್ಜಿಯ ಹೊಸ ಜೆರಾಕ್ಸು.

ಫಲಿತಾಂಶ

ಫ್ಯೂಸ್‌ನ ಡೀಮನ್ ಸತ್ತರೆ ಕರ್ನೆಲ್ ಸರದಿಯಲ್ಲಿ ಕಾಯುತ್ತಿದ್ದ ಕೋರಿಕೆಗಳಿಗೆಲ್ಲ ದೋಷಸಂಖ್ಯೆ ಕೊಟ್ಟು ವಾಪಸು ಕಳಿಸುತ್ತದೆ. ಆಗಲಿಲ್ಲ ಎಂಬ ಒಂದು ಉತ್ತರವಾದರೂ ಬರುತ್ತದೆ. ಶರಾವತಿ ಸಂತ್ರಸ್ತರ ಕಡತಗಳನ್ನು ನಿಧಾನ ಎಂಬ ತಲೆಬರಹದಡಿ ಸೇರಿಸುವುದು ಆದ್ದರಿಂದ ತಪ್ಪು. ನಿಧಾನವಾದದ್ದು ಎಂದಾದರೂ ಬಂದು ಮುಟ್ಟುತ್ತದೆ.

ವಿಧಾನಸೌಧದವರಲ್ಲಿ ಬೇಡಿಕೆ ಇಷ್ಟೇ: ಕಾಯ್ದೆ ಹೇಳಿದ ದಾರಿಯಲ್ಲೇ, ಸರ್ವೆ ಮಾಡಿಸಿ, ಎಲ್ಲರ ಕಡತವನ್ನೂ ಒಟ್ಟಿಗೆ ದೆಹಲಿಗೆ ಒಯ್ಯಿರಿ. ಒಪ್ಪಿಗೆ ತಂದು ಪಹಣಿ ಕೊಡಿ.