ಸೇಫ್ಟಿ ಮೊದಲು, ನೀ ಆಮ್ಯಾಗ

(ಸೊಲ್ಲಾಪುರದ ಅಕ್ಕಲಕೋಟೆ ರಸ್ತೆಯ ಎಂಐಡಿಸಿ ಕೈಗಾರಿಕಾ ಪ್ರದೇಶ. ಟವೆಲ್ ನೇಯುವ ಶೆಡ್ಡು. ಅಕ್ಕಲಕೋಟೆಯಿಂದ ಬಂದ ಹೊಸ ಹುಡುಗ. ಹಳೇ ಮುಕಾದಮ, ಕಾಯ್ದೆಗಿಂತ ತುಸು ಹಳಬ.)

ಹುಡುಗ: ಕಾಕಾ, ನನಗ ಟ್ರೇನಿಂಗ್ ಯಾವಾಗ್ರಿ?

ಮುಕಾದಮ: ಮುಂಜಾನೆ ಆತಲ್ಲೋ!

ಹುಡುಗ: ‘ಇದು ಮಗ್ಗ’ ಅಂದ್ರಿ, ಅಷ್ಟ.

ಮುಕಾದಮ: ಉಳಿದದ್ದು ಮಗ್ಗನ ಕಲಸ್ತದ.

ಹುಡುಗ: ಆ ಬಾಜೂ ಮಗ್ಗದ ಅಣ್ಣಗ ಭಾಳ ಕಲಿಸೇದ ಬಿಡ್ರಿ, ಎರಡು ಬೆರಳ ಫೀ ತಗೊಂಡದ. ಕಿವಿಗೆ ಏನರ ಕೊಡ್ತೀರೇನ್ರಿ?

ಮುಕಾದಮ: ಆಂ?

ಹುಡುಗ: ಕಿವಿಗ್ರೀ!

ಮುಕಾದಮ: ಜೋರಾಗಿ ಹೇಳೋ. ಇಪ್ಪತ್ತು ವರ್ಷ ಇಲ್ಲೇ ಅದೀನಿ.

ಹುಡುಗ: ಸ್ವಿಚ್ ಬೋರ್ಡ್ ಮ್ಯಾಗ ಹತ್ತಿಧೂಳ ಬೆರಳ ದಪ್ಪ ಕುಂತದ.

ಮುಕಾದಮ: ಇರ್ಲಿ ತಗೋ, ಶಾಕಿಗೆ ಮೆತ್ತನ್ನ ಗಾದಿ.

ಹುಡುಗ: ಹಿಂದಿನ ಬಾಗಲಕ್ಕ ಕೀಲಿ ಯಾಕ್ರಿ?

ಮುಕಾದಮ: ಟವೆಲ್ ಕಳುವಾಗಬಾರದಂತ. ಸೇಫ್ಟಿ!

ಹುಡುಗ: 2025ರ ಮೇ 18ಕ್ಕ ಇದ ಎಂಐಡಿಸಿಯೊಳಗ ಟವೆಲ್ ಕಾರ್ಖಾನಿಗೆ ಬೆಂಕಿ ಬಿದ್ದು 8 ಮಂದಿ ಹೋದ್ರಲ್ರಿ?

ಮುಕಾದಮ: ಅದಕ್ಕ ‘ಸುರಕ್ಷತೆ ಮೊದಲು’ ಅಂತ ದೊಡ್ಡ ಬೋರ್ಡ್ ಹಚ್ಚೀವಿ.

ಹುಡುಗ: ಬೆಂಕಿ ಆರಸೋ ಸಿಲಿಂಡರ್?

ಮುಕಾದಮ: ಬೋರ್ಡಿನ ಹಿಂದದ.

ಹುಡುಗ: 2025ರ ತನಕ ಇದ್ದ 1948ರ ಕಾರ್ಖಾನೆ ಕಾಯ್ದೆಯೊಳಗ, 18 ತುಂಬದವ್ರನ್ನ ಅಪಾಯದ ಮಷಿನ್ನಿಗೆ ಹಚ್ಚೋ ಮೊದಲ ಅಪಾಯ ಏನಂತ ತಿಳಿಸಿ ಹೇಳ್ಬೇಕಂತ ಇತ್ತಂತ್ರಿ.

ಮುಕಾದಮ: ನಿನಗ ಹತ್ತೊಂಬತ್ತಲ್ಲೋ?

ಹುಡುಗ: ಹದಿನಾರ್ರಿ.

ಮುಕಾದಮ: ಅದು ಮನ್ಯಾಗ. ನಮ್ಮ ರಜಿಸ್ಟರ್‌ದಾಗ ಹುಡುಗ್ರು ಲಗೂ ಬೆಳೀತಾರ.

ಹುಡುಗ: ಇನ್‌ಸ್ಪೆಕ್ಟರ್ ಸಾಹೇಬ್ರು ಬಂದು ಕೇಳಿದ್ರ?

ಮುಕಾದಮ: ಸೋಮವಾರ ಬರ್ತೀನಂತ ಅವ್ರ ಫೋನ್ ಮಾಡ್ಯಾರ. ಧೂಳ ಝಾಡಸ್ತೀವಿ, ಕೀಲಿ ತಗೀತೀವಿ, ಕಿವಿಗೆ ಹತ್ತಿ ಇಡ್ತೀವಿ.

ಹುಡುಗ: ನಂಗೂ ಇಡ್ತೀರ್ರಿ?

ಮುಕಾದಮ: ನಿನಗ್ಯಾಕೋ? ಆವತ್ತ ನಿನಗ ಸೂಟಿ.