ಮೀಥೇನ್ ಮೀಮಾಂಸೆ: ಸ್ಥಾವರಾಮ್ಲ ಪ್ರಕರಣ

ವಿಷಯ: ಒಂದು ಇಂಗಾಲ, ನಾಲ್ಕು ಹೈಡ್ರೋಜನ್. ಇಷ್ಟೇ ಸಂಸಾರದ ಮೀಥೇನ್ ಪರಮ ವಿರಕ್ತ. ಅದರ ಒಂದು ಹೈಡ್ರೋಜನ್ ಕೀಳಲು ಮೋಲ್ ಒಂದಕ್ಕೆ ಸುಮಾರು 439 ಕಿಲೋಜೌಲ್ ತೆರಬೇಕು. ತೆತ್ತು ಮೆಥನಾಲ್ ಎಂಬ ಗೃಹಸ್ಥಾಶ್ರಮಕ್ಕೆ ಎಳೆತಂದರೆ, ಅಲ್ಲಿ ಇಂಗಾಲದ ಹಿಡಿತ ಸುಮಾರು 402ಕ್ಕೇ ಸಡಿಲ. ಹೀಗಾಗಿ ವ್ರತ ಕೆಟ್ಟ ವಿರಕ್ತ ನಡುವೆ ನಿಲ್ಲದೆ ಕಾರ್ಬನ್ ಡೈಆಕ್ಸೈಡ್ ಆಗುವ ತನಕ ಕೆಡುತ್ತಾನೆ. ಕೆಡಿಸುವುದಲ್ಲ, ಹದವಾಗಿ ಕೆಡಿಸುವುದೇ ವಿದ್ಯೆ.

ಪ್ರಮಾಣ: 1998ರಲ್ಲಿ ರಾಯ್ ಪೆರಿಯಾನ ಮತ್ತು ಸಂಗಡಿಗರು ಪ್ಲಾಟಿನಂ ಸಂಯುಕ್ತವನ್ನು ಪ್ರಬಲ ಸಲ್ಫ್ಯೂರಿಕ್ ಆಮ್ಲದಲ್ಲಿಟ್ಟು 220 ಡಿಗ್ರಿಗೆ ಕಾಯಿಸಿ, ನೂರಕ್ಕೆ 70 ಮೀರಿದ ಫಲ ಕಂಡರು. ಅಲ್ಲಿ ಮೀಥೇನ್ ಬರಿಮೈಯ ಮೆಥನಾಲ್ ಆಗುವುದಿಲ್ಲ. ಮೀಥೈಲ್ ಬೈಸಲ್ಫೇಟ್ ಆಗಿ, ಕರ್ಣನಂತೆ ಕವಚ ತೊಟ್ಟೇ ಹುಟ್ಟುತ್ತದೆ. ಬಳಿಕ ನೀರು ಇಂದ್ರನಂತೆ ಬಂದು ಕವಚ ಬೇಡುತ್ತದೆ. ಮೆಥನಾಲ್ ದಕ್ಕುತ್ತದೆ, ಆಮ್ಲ ನೀರಾಗುತ್ತದೆ. ಆ ನೀರನ್ನು ಓಡಿಸುವ ಖರ್ಚಿನಲ್ಲಿ ಲಾಭವೆಲ್ಲ ಆವಿ.

ಪೂರ್ವಪಕ್ಷ: ದ್ರವಾಮ್ಲವು ಜಂಗಮ, ಹರಿದಲ್ಲೆಲ್ಲ ಕೊರೆಯುತ್ತದೆ, ಬೇರ್ಪಡಿಸಲು ಸಿಕ್ಕದು. ಪಾಲಿಮರ್ ಮಣಿಗೆ ಕಟ್ಟಿ ಸ್ಥಾವರ ಮಾಡಿದರೆ ಸೋಸಿ ಮತ್ತೆ ಬಳಸಬಹುದಲ್ಲ? ಪಾಲಿಸ್ಟೈರೀನ್‌ಗೆ ಸಲ್ಫಾನಿಕ್ ಆಮ್ಲ ಜೋಡಿಸಿದ ಆಂಬರ್ಲಿಸ್ಟ್-15 ಹೀಗೇ ಹಲವು ಕಾರ್ಖಾನೆಗಳಲ್ಲಿ ದುಡಿಯುತ್ತಿದೆಯಲ್ಲ?

ಖಂಡನೆ: ಸುಮಾರು 120 ಡಿಗ್ರಿ ದಾಟಿದರೆ ಆ ಮಣಿ ತನ್ನ ಆಮ್ಲವನ್ನೇ ಕಳಚಿಕೊಳ್ಳುತ್ತದೆ. ಮೇಲಾಗಿ ಪಾಲಿಸ್ಟೈರೀನ್‌ನ ಮೈಯೂ ಹೈಡ್ರೋಕಾರ್ಬನ್ನೇ. ಮೀಥೇನಿನ ವ್ರತ ಕೆಡಿಸಬಲ್ಲದ್ದು, ತನ್ನನ್ನು ಕಟ್ಟಿದ ಗೂಟವನ್ನು ಬಿಟ್ಟೀತೆ? ಹೈಡ್ರೋಜನ್ ಬಿಟ್ಟು ಫ್ಲೋರಿನ್ ಹೊದ್ದ ನೇಫಿಯಾನ್ ಎಂಬ ಪಾಲಿಮರ್ ಗಟ್ಟಿ ಕುಳ. 1994ರ ನೊಬೆಲ್ ಪುರಸ್ಕೃತ ಜಾರ್ಜ್ ಓಲಾ ಅದನ್ನು ಘನರೂಪದ ಮಹಾಮ್ಲವೆಂದು ಮನ್ನಿಸಿ ದುಡಿಸಿಕೊಂಡರು. ಆದರೆ ಆಂಬರ್ಲಿಸ್ಟ್ ಗ್ರಾಮಿಗೆ ಸುಮಾರು 4.7 ಮಿಲಿಮೋಲ್ ಆಮ್ಲ ಹೊತ್ತರೆ, ನೇಫಿಯಾನ್ ಹೊರುವುದು ಸುಮಾರು 0.9. ಬೆಲೆಯನ್ನು ಶಾಸ್ತ್ರಗ್ರಂಥದಲ್ಲಿ ಹೇಳುವ ಸಂಪ್ರದಾಯವಿಲ್ಲ.

ಸಿದ್ಧಾಂತ: 2009ರಲ್ಲಿ ಜರ್ಮನಿಯ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಗಳ ವಿದ್ವಾಂಸರು ಟ್ರೈಅಜೀನ್ ಪಾಲಿಮರ್ ಜಾಲವೊಂದಕ್ಕೆ ಪ್ಲಾಟಿನಂ ಕಟ್ಟಿದರು. ಜಾಲ ಬೇಯಲಿಲ್ಲ, ಸೋಸಿ ಮತ್ತೆ ಬಳಸಲೂ ಬಂತು. ಆದರೆ ಅದನ್ನು ಮುಳುಗಿಸಿದ್ದು ಓಲಿಯಂ ಎಂಬ ಹೊಗೆಯಾಡುವ ಬಿಸಿ ಸಲ್ಫ್ಯೂರಿಕ್ ಆಮ್ಲದಲ್ಲೇ! ಕಟ್ಟಿಸಿಕೊಂಡದ್ದು ಪ್ಲಾಟಿನಂ, ಆಮ್ಲ ಅಲೆಯುತ್ತಲೇ ಉಳಿಯಿತು. ಸ್ಥಾವರ-ಜಂಗಮ ವಿವಾದದಲ್ಲಿ ಕಲ್ಯಾಣದ ಶರಣರು 12ನೇ ಶತಮಾನದಲ್ಲಿ ಕೊಟ್ಟ ತೀರ್ಪು ಹೀಗೆ ಓಲಿಯಂ ಪರೀಕ್ಷೆಯನ್ನೂ ಗೆದ್ದಿತೆಂದು ತಿಳಿಯತಕ್ಕದ್ದು.

ಫಲಶ್ರುತಿ: ಇದನ್ನು ನಿತ್ಯ ಪಠಿಸಿದವರಿಗೆ ಮೆಥನಾಲ್ ಪ್ರಾಪ್ತಿಯಾಗುವ ಭರವಸೆಯಿಲ್ಲ. ಗದ್ದೆಯ ಕೆಸರಿನ ಮೀಥೇನ್‌ಭಕ್ಷಕ ಬ್ಯಾಕ್ಟೀರಿಯಾಗಳು ಓಲಿಯಂ, ಪ್ಲಾಟಿನಂ ಯಾವುದೂ ಇಲ್ಲದೆ, ತಾಮ್ರವೋ ಕಬ್ಬಿಣವೋ ಇರುವ ಎಂಜೈಮ್‌ನಿಂದ ಮೀಥೇನನ್ನು ಮೆಥನಾಲ್ ಮಾಡುತ್ತವೆಂದು ಆಕ್ಷೇಪಿಸುವವರುಂಟು. ಅವು ಶಾಸ್ತ್ರಾಭ್ಯಾಸ ಮಾಡಿದವುಗಳಲ್ಲವಾದ್ದರಿಂದ ಆ ಸಾಧನೆಯನ್ನು ಪ್ರಮಾಣವಾಗಿ ಗಣಿಸತಕ್ಕದ್ದಲ್ಲ.